ತೊಳೆದ ಗೂಬೆ

ಸೆಪ್ಟೆಂಬರ್ 3, ಬುಧವಾರ

ದೊಡ್ಡಮ್ಮನ ಮನೆಗೆ ಬಂದು ಐದು ದಿನವಾಯಿತು. ಐದೂವರೆಗೆ ತಾನಾಗಿ ಎಚ್ಚರವಾಗುತ್ತದೆ, ಬೆಲ್ ಹೊಡೆಯಲೆಂದು ಕಾಯುತ್ತೇನೆ. ಹನ್ನೊಂದು ವರ್ಷ ಹಾಸ್ಟೆಲ್ ಬೆಲ್ಲಿಗೇ ಎದ್ದವಳು. ಬೆಲ್ ಇಲ್ಲದ ಮನೆಯಲ್ಲಿ ಏಳುವುದು ತಪ್ಪೋ ಮಲಗಿರುವುದು ತಪ್ಪೋ ಗೊತ್ತಾಗದೆ ಹೊದಿಕೆಯೊಳಗೇ ಅಟೆನ್ಷನ್‌ನಲ್ಲಿ ಇರುತ್ತೇನೆ.

ಬೆಳಿಗ್ಗೆ ಫ್ರಿಜ್ ತೆಗೆಯಲು ಪರ್ಮಿಷನ್ ಕೇಳಿದೆ. ದೊಡ್ಡಮ್ಮ ಬ್ರೆಡ್ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅದಕ್ಕೂ ಅರ್ಜಿ ಹಾಕ್ತೀಯೇನೇ? ಮೂರು ಕಾಪಿ ತಂದಿದ್ದೀಯಾ?"

"ಸಾರಿ ದೊಡ್ಡಮ್ಮ. ನೀವು ಕೆಲಸದಲ್ಲಿದ್ರಿ, ಅದಕ್ಕೆ..."

"ಇನ್ನೊಂದು ವಿಷಯ. ನಿಮ್ಮಮ್ಮ, ನನ್ನ ಸ್ವಂತ ತಂಗಿ, ಹುಟ್ಟಿದಾಗಿಂದ ನನ್ನ ನೀನು ಅಂತಲೇ ಕರೆಯೋದು. ನೀನು ಹೀಗೆ ನೀವು ನೀವು ಅಂತಿದ್ರೆ ಬ್ಯಾಂಕ್ ಮ್ಯಾನೇಜರ್ ಮನೆಗೆ ಬಂದು ಕೂತ ಹಾಗಿರುತ್ತೆ."

ಸರಿ ಎಂದೆ. ಮುಂದಿನ ಮಾತಿಗೇ ಮತ್ತೆ ನೀವು ಎಂದೆ.

ಇಲ್ಲಿಗೆ ಬಂದಿರುವುದು ಕಾಲೇಜಿಗೆ ಹತ್ತಿರವೆಂದು. ಜೊತೆಗೆ ಫೀಲ್ಡ್ ವರ್ಕ್ ಪೇಪರ್ ಇದೆ. ಫಸ್ಟ್ ಇಯರ್ ಹಿಸ್ಟರಿಯವರು ಮೂವತ್ತು ಗಂಟೆ ಕೂತು ಯಾವುದಾದರೂ ಒಂದು ಸಂಗ್ರಹದ ಪಟ್ಟಿ ಮಾಡಿಕೊಡಬೇಕು. ದೊಡ್ಡಪ್ಪನ ಹತ್ತಿರವೇ ಸಂಗ್ರಹವಿದೆ: ಪ್ರಾಚೀನ ಗ್ರೀಕ್ ನಾಣ್ಯ ನೂರ ಹನ್ನೆರಡು, ಗ್ರೀಕ್ ಮಣ್ಣಿನ ಪಾತ್ರೆ ಹನ್ನೊಂದು. ಅವರು ನಿವೃತ್ತ ಹಲ್ಲಿನ ಡಾಕ್ಟರ್. ಎರಡು ವರ್ಷದಿಂದ ಅವರಿಗೆ ನೇರ ನೋಡಿದರೆ ನಡುವೆ ಬರೀ ಮಸುಕು, ಕಣ್ಣಂಚಿನಲ್ಲಿ ಮಾತ್ರ ಕಾಣುತ್ತದಂತೆ. ಹಾಗಾಗಿ ನನ್ನೊಡನೆ ಮಾತನಾಡುವಾಗ ಮುಖ ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಾರೆ. ಮೊದಲ ದಿನ ನನ್ನ ಮೇಲೆ ಸಿಟ್ಟೆಂದೇ ತಿಳಿದಿದ್ದೆ.

ಕಾಣದ ಮೇಲೆ ಇಟ್ಟುಕೊಂಡು ಏನು ಮಾಡಲಿ ಎಂದು ಎಲ್ಲವನ್ನೂ ಮ್ಯೂಸಿಯಂಗೆ ಕೊಡಲು ಹೊರಟಿದ್ದಾರೆ. ಹದಿನಾರನೇ ತಾರೀಖು ಮ್ಯೂಸಿಯಂ ಮೇಡಂ ಪರೀಕ್ಷೆಗೆ ಬರುತ್ತಾರೆ. ತೆಗೆದುಕೊಂಡರೆ ಪಟ್ಟಿಯಲ್ಲಿರುವುದು ಪೂರ್ತಿ, ಒಂದರ ಮೇಲೆ ಅನುಮಾನ ಬಂದರೂ ಯಾವುದೂ ಬೇಡ. ಅದು ಅವರ ನಿಯಮ. ಅವರು ಬೇಡವೆಂದರೆ ಹರಾಜಿನವರು ಒಂದೊಂದು ಒಬ್ಬೊಬ್ಬರಿಗೆ ಹಂಚಿಹಾಕುತ್ತಾರೆ. "ನಲವತ್ತು ವರ್ಷ ಒಂದೇ ಬಾಯಲ್ಲಿದ್ದ ಹಲ್ಲುಗಳಮ್ಮಾ. ಒಂದೊಂದೇ ಕೀಳಿಸೋಕೆ ನನಗಿಷ್ಟ ಇಲ್ಲ" ಎಂದರು ದೊಡ್ಡಪ್ಪ.

ನಮ್ಮ ಪೇಪರಿನ ಎಕ್ಸ್‌ಟರ್ನಲ್ ಪರೀಕ್ಷಕರೂ ಅದೇ ಮೇಡಂ. ಟೆನ್ಷನ್.

ಸೆಪ್ಟೆಂಬರ್ 5, ಶುಕ್ರವಾರ

ಮೂವತ್ತರಲ್ಲಿ ಒಂಬತ್ತು ಗಂಟೆ ಮುಗಿಯಿತು.

ಕೆಲಸ ಮಾಡುವುದು ಮುಂದಿನ ಕೋಣೆಯಲ್ಲಿ. ಮೊದಲು ಅದೇ ಕ್ಲಿನಿಕ್ ಆಗಿತ್ತಂತೆ. ರೋಗಿಗಳ ಕುರ್ಚಿ ಇನ್ನೂ ಇದೆ, ಮೇಲೆ ಬಾಗುವ ದೀಪವೂ ಇದೆ. ಪಾತ್ರೆಗಳನ್ನು ಒಂದೊಂದಾಗಿ ಆ ಕುರ್ಚಿಯಲ್ಲೇ ದಿಂಬಿನ ಮೇಲೆ ಮಲಗಿಸುತ್ತೇವೆ. ದೊಡ್ಡಪ್ಪ ದೀಪ ಎಳೆದು, ತಲೆ ಓರೆ ಮಾಡಿ, "ಎಲ್ಲಿ, ದೊಡ್ಡದಾಗಿ ಬಾಯಿ ತೆಗಿ" ಎನ್ನುತ್ತಾರೆ. ಎರಡೂವರೆ ಸಾವಿರ ವರ್ಷದ ಎಣ್ಣೆ ಕುಡಿಕೆಗೆ! ನಾಣ್ಯಗಳು ಹಳೆಯ ಉಪಕರಣದ ಬೀರುವಿನ ತೆಳ್ಳನೆ ಡ್ರಾಯರ್‌ಗಳಲ್ಲಿವೆ, ಮೊದಲು ಇಕ್ಕಳ ಇರುತ್ತಿದ್ದ ಜಾಗದಲ್ಲಿ.

ಕೆಂಪು ಮಣ್ಣಿನ ಮೇಲೆ ಕಪ್ಪು ಚಿತ್ರದ ಒಂದು ಹೂಜಿಯಿದೆ. ಓಡುವ ಕುದುರೆ, ಆದರೆ ಮುಂಗಾಲು ಇರಬೇಕಾದ ಕಡೆ ಬೋಳು ಪ್ಲಾಸ್ಟರ್. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಿಂದ ದೊಡ್ಡಪ್ಪನೇ ತುಂಬಿದ್ದಂತೆ.

"ಕಾಲು ಬರೆದುಬಿಟ್ಟಿದ್ರೆ ಚೆನ್ನಾಗಿರ್ತಿತ್ತಲ್ವಾ ದೊಡ್ಡಪ್ಪ?"

"ಕಾಲು ಹೇಗಿತ್ತು ಅಂತ ನೋಡಿದ್ದೀಯಾ ನೀನು?"

"ಇಲ್ಲ."

"ನಾನೂ ನೋಡಿಲ್ಲ. ನೋಡದ್ದನ್ನ ಬರೀಬಾರದು. ಸೇರಿಸಿದ್ದು ಸೇರಿಸಿದ್ದು ಅಂತ ಕಾಣಬೇಕು. ಹಲ್ಲಿಗೆ ಬೇಕಾದ್ರೆ ಬಣ್ಣ ಹೊಂದಿಸ್ತೀನಿ, ಇದಕ್ಕೆ ಇಲ್ಲ."

ಪ್ರತಿ ವಸ್ತುವಿಗೂ ಅವರ ಕೈಬರಹದ ಒಂದು ಚೀಟಿ: ಯಾರಿಂದ ಬಂತು, ಯಾವ ದಿನ, ಎಷ್ಟು ತೂಕ. ನಾನು ಅದನ್ನು ಲ್ಯಾಪ್‌ಟಾಪಿಗೆ ಏರಿಸಬೇಕು. ಒಂದೇ ಒಂದು ಚೀಟಿ ಅಪೂರ್ಣ. ದೊಡ್ಡ ಬೆಳ್ಳಿ ನಾಣ್ಯ, ಒಂದು ಬದಿಗೆ ಶಿರಸ್ತ್ರಾಣ ತೊಟ್ಟ ದೇವಿಯ ಮುಖ, ಇನ್ನೊಂದು ಬದಿಗೆ ಗುಂಡುಕಣ್ಣಿನ ಗೂಬೆ. ಅದರ ಚೀಟಿಯಲ್ಲಿ "ಇವಳು ಕೊಟ್ಟಿದ್ದು" ಎಂದಷ್ಟೇ ಇದೆ. ತೂಕದ ಎದುರಿಗೆ ಖಾಲಿ. ಹಾಸ್ಟೆಲ್‌ನಲ್ಲಿ ಹೇಳಿಕೊಟ್ಟ ಮೊದಲ ಪಾಠ, ಉತ್ತರ ಗೊತ್ತಿಲ್ಲದಿದ್ದರೂ ಜಾಗ ಖಾಲಿ ಬಿಡಬೇಡ ಎಂಬುದು. ಆ ಖಾಲಿ ಜಾಗ ನೋಡಿದರೆ ನನಗೆ ಕೈ ತುರಿಸುತ್ತದೆ.

ಅದು ದೊಡ್ಡಮ್ಮನ ಗೂಬೆ. ಮದುವೆಯಾದ ಹೊಸದರಲ್ಲಿ ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡು, ಗಂಡನಿಗೆಂದು ತಂದದ್ದು.

"ಮೂರು ಶನಿವಾರ ಚೌಕಾಸಿ ಮಾಡಿದ್ದೀನಿ. ಮೂರನೇ ವಾರ ಅಂಗಡಿಯವನೇ ಕೈಮುಗಿದು, ತಾಯೀ ತಗೊಂಡ್ಹೋಗಿ ಅಂದ. ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಕಣೇ." ಆಮೇಲೆ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದರು. "ಪಾಪ, ಎಷ್ಟು ಕಪ್ಪಗಾಗಿದೆ. ಮೇಡಂ ಎದುರಿಗೆ ಹೀಗೇ ಇಡೋದಾ?"

ಸೆಪ್ಟೆಂಬರ್ 7, ಭಾನುವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಇಬ್ಬರೂ ಹಳೆಯ ಗೆಳೆಯರೊಬ್ಬರನ್ನು ನೋಡಲು ಹೋಗಿದ್ದರು. ಹಾಸ್ಟೆಲ್‌ನಲ್ಲಿ ಭಾನುವಾರವೆಂದರೆ ಹೊಳಪಿನ ಇನ್ಸ್‌ಪೆಕ್ಷನ್. ತಟ್ಟೆ, ಚಮಚ, ಬೆಲ್ಟಿನ ಬಕಲ್, ಎಲ್ಲದರಲ್ಲೂ ವಾರ್ಡನ್‌ಗೆ ತನ್ನ ಮುಖ ಕಾಣಬೇಕು. ಟೂತ್‌ಪೇಸ್ಟ್, ಹಳೆ ಬ್ರಷ್, ಒದ್ದೆ ಹತ್ತಿ. ಈ ಒಂದು ವಿದ್ಯೆಯಲ್ಲಿ ನಾನು ಫಸ್ಟ್ ಕ್ಲಾಸ್.

ಗೂಬೆಯನ್ನು ತೊಳೆದೆ. ಇಪ್ಪತ್ತು ನಿಮಿಷ ಉಜ್ಜಿದ ಮೇಲೆ ಒಳಗಿಂದ ಬೆಳ್ಳಿ ಎದ್ದು ಬಂತು. ಎಷ್ಟು ಹೊಳೆಯುತ್ತದೆಂದರೆ, ಗೂಬೆಗೂ ನನಗೂ ಇಬ್ಬರಿಗೂ ಕಣ್ಣು ಕೋರೈಸಬೇಕು. ಅಂಚಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ ಇತ್ತು, ಅಲ್ಲಿ ಪೇಸ್ಟ್ ಕೂತುಬಿಟ್ಟಿತ್ತು. ಅದನ್ನೂ ಹಲ್ಲುಕಡ್ಡಿಯಿಂದ ತೆಗೆದೆ.

ಡ್ರಾಯರಿನಲ್ಲಿ ಇಟ್ಟಿದ್ದೇನೆ. ಮೇಡಂ ಬಂದ ದಿನ ತೆಗೆದಾಗ ಸರ್ಪ್ರೈಸ್ ಆಗಲಿ.

ಸೆಪ್ಟೆಂಬರ್ 9, ಮಂಗಳವಾರ



ಇವತ್ತಿನ ಕ್ಲಾಸಿನ ವಿಷಯ ವಸ್ತುಗಳನ್ನು ಮುಟ್ಟುವ ಬಗೆ. ಲೆಕ್ಚರರ್ ಮೊದಲು ಹೇಳಿದ್ದೇ ಇದು: ಹಳೆಯ ನಾಣ್ಯದ ಕಪ್ಪು ಕೊಳೆಯಲ್ಲ. ಶತಮಾನಗಳು ಅದರ ಮೇಲೆ ಬೆಳೆಸಿದ ಚರ್ಮ. ತೊಳೆದವನು ಆ ಚರ್ಮ ಸುಲಿದ ಹಾಗೆ, ಮತ್ತೆ ಬರುವುದಿಲ್ಲ. "ಇನ್ನೂ ಟೂತ್‌ಪೇಸ್ಟ್ ಹಾಕಿ ತಿಕ್ಕುವ ಮಹಾನುಭಾವರು ಇದ್ದಾರೆ" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಗೊತ್ತಾಗಿಬಿಡುತ್ತದೆಂದು ಜೋರಾಗಿಯೇ ನಕ್ಕೆ.

ದೊಡ್ಡಪ್ಪ ಇದನ್ನು ನನಗೆ ಹೇಳಿರಲಿಲ್ಲ. ಬೆಂಕಿ ಮುಟ್ಟಬೇಡ ಎಂದು ಯಾರಿಗೆ ಯಾರು ಹೇಳುತ್ತಾರೆ?

ಮನೆಗೆ ಬಂದು ಡ್ರಾಯರ್‌ಗಳನ್ನೆಲ್ಲ ಎಳೆದೆ. ನೂರ ಹನ್ನೊಂದು ನಾಣ್ಯ ಸುಮ್ಮನೆ ಕಪ್ಪಗೆ ಕೂತಿವೆ. ನಡುವೆ ಒಂದು ಹಲ್ಲು ಕಿರಿದು ನಗುತ್ತಿದೆ.

ಸೆಪ್ಟೆಂಬರ್ 10, ಬುಧವಾರ

ಹೇಳಬೇಕು. ಊಟದ ಹೊತ್ತಿಗೆ ಹೇಳುವುದೆಂದು ನಿರ್ಧಾರ ಮಾಡಿಕೊಂಡೆ. "ದೊಡ್ಡಪ್ಪ" ಎಂದೆ. "ಏನಮ್ಮಾ?" ಎಂದರು. "ಉಪ್ಪು" ಎಂದೆ. ಉಪ್ಪಿನ ಡಬ್ಬಿ ನನ್ನ ಮುಂದೆಯೇ ಇತ್ತು.

ಏಳನೇ ಕ್ಲಾಸಿನ ಥರ್ಮಾಮೀಟರ್ ನೆನಪಾಗುತ್ತಿದೆ. ಸಿಕ್‌ರೂಮಿನಲ್ಲಿ ಅದನ್ನು ಬೀಳಿಸಿದ್ದು ನಾನು. ಸಿಕ್ಕಿಬಿದ್ದದ್ದು ಪಕ್ಕದ ಮಂಚದವಳು, ಅವತ್ತು ಜ್ವರವೆಂದು ಅಲ್ಲಿ ಮಲಗಿದ್ದವಳು. ಅವಳಿಗೆ ಎರಡು ಭಾನುವಾರ ಮನೆಯವರ ಭೇಟಿ ಇಲ್ಲ. ಅವಳ ಅಮ್ಮ ಒಂದು ಚೀಲ ಹಿಡಿದು ಗೇಟಿನ ಹೊರಗೆ ಒಂದು ಗಂಟೆ ಕೂತು, ಚೀಲ ವಾಚ್‌ಮನ್‌ಗೆ ಕೊಟ್ಟು ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ವಾರ್ಡನ್ ಮೂರು ಸಲ ಕೇಳಿದ್ದರು, ಯಾರು ಎಂದು. ಮೂರು ಸಲವೂ ನನ್ನ ನಾಲಿಗೆ ಹೊರಳಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ದಾರಿ ಸಿಕ್ಕಿದೆ. ಬೇಯಿಸಿದ ಮೊಟ್ಟೆಯ ಜೊತೆ ಬೆಳ್ಳಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಕೆಲವು ದಿನಕ್ಕೆ ಕಪ್ಪಾಗುತ್ತದಂತೆ. ಇಂಟರ್‌ನೆಟ್‌ನಲ್ಲಿ ಒಬ್ಬರು ಫೋಟೋ ಸಮೇತ ಹಾಕಿದ್ದಾರೆ.

"ದೊಡ್ಡಮ್ಮ, ಒಂದು ಮೊಟ್ಟೆ ಬೇಯಿಸ್ಕೊಳ್ಲಾ?"

"ಎರಡು ಬೇಯಿಸ್ಕೋ. ಈಚೆಗೆ ಮುಖ ಮೂರಿಂಚು ಆಗಿದೆ ನಿಂದು."

ಒಂದನ್ನು ಅವರ ಎದುರಿಗೇ ತಿಂದೆ. ಇನ್ನೊಂದು ಈಗ ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಗೂಬೆಯ ಜೊತೆ, ನನ್ನ ಪುಸ್ತಕಗಳ ಹಿಂದೆ.

ಸೆಪ್ಟೆಂಬರ್ 12, ಶುಕ್ರವಾರ

ಪಟ್ಟಿಯಲ್ಲಿ ಗೂಬೆಯ ತೂಕ ಬರೆಯಲೇಬೇಕು, ಆ ಕಾಲಂ ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ. ದೊಡ್ಡಪ್ಪನ ಸಣ್ಣ ತಕ್ಕಡಿಯಲ್ಲಿ ತೂಗಿದೆ. ಹದಿನಾಲ್ಕು ಪಾಯಿಂಟ್ ಆರು ಗ್ರಾಂ. ಶೆಲ್ಫಿನ ಪುಸ್ತಕದಲ್ಲಿ ನೋಡಿದರೆ ಇಂಥ ನಾಣ್ಯ ಹದಿನೇಳರ ಮೇಲಿರಬೇಕು.

ಎರಡೂವರೆ ಗ್ರಾಂ! ಟೂತ್‌ಪೇಸ್ಟಿನಿಂದ ಎರಡೂವರೆ ಗ್ರಾಂ ಇತಿಹಾಸ ತಿಕ್ಕಿ ಸಿಂಕಿಗೆ ಬಿಟ್ಟಿದ್ದೇನಾ? ಆ ಪೈಪ್ ಬಿಚ್ಚಿ ನೋಡಲೇ ಎಂದುಕೊಂಡೆ. ನಿಜವಾಗಿಯೂ ಮಂಡಿಯೂರಿ ಸಿಂಕಿನ ಕೆಳಗೆ ನೋಡಿದೆ.

ಸೆಪ್ಟೆಂಬರ್ 13, ಶನಿವಾರ

ಅದೇ ಪುಸ್ತಕ, ಕೊನೆಯ ಅಧ್ಯಾಯ.

ಅಸಲಿ ನಾಣ್ಯವನ್ನು ಸುತ್ತಿಗೆಯಿಂದ ಹೊಡೆದು ಮುದ್ರೆ ಒತ್ತುತ್ತಿದ್ದರು. ನಕಲಿ ಮಾಡುವವರು ಎರಡು ಹೋಳಿನ ಅಚ್ಚಿಗೆ ಲೋಹ ಎರೆಯುತ್ತಾರೆ. ಆ ಹೋಳುಗಳು ಕೂಡುವ ಕಡೆ ಅಂಚಿನ ಸುತ್ತ ಸಣ್ಣ ಗೆರೆ ಉಳಿಯುತ್ತದೆ. ತೂಕವೂ ಕಡಿಮೆ ಬರುವುದುಂಟು.

ಡಬ್ಬಿಯಿಂದ ತೆಗೆದು ಕಿಟಕಿಯ ಹತ್ತಿರ ನೋಡಿದೆ. ಗೆರೆ ಇದೆ. ನಾನೇ ಹಲ್ಲುಕಡ್ಡಿಯಿಂದ ಸ್ವಚ್ಛ ಮಾಡಿ ಎದ್ದು ಕಾಣುವ ಹಾಗೆ ಮಾಡಿದ ಗೆರೆ.

ಮೊದಲು ಬಂದದ್ದು ಸಮಾಧಾನ, ಅಬ್ಬಾ ಚರ್ಮ ಸುಲಿದಿಲ್ಲ ಎಂದು. ಆಮೇಲೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಕೇಳಿಸಿತು. ಪಕ್ಕದ ಮನೆಯವರಿಗೆ ಮೂರು ಶನಿವಾರದ ಕಥೆ ಹೇಳುತ್ತಿದ್ದರು.

ಸಮಾಧಾನ ಅಲ್ಲಿಗೇ ಮುಗಿಯಿತು.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಹನ್ನೊಂದು. ದೊಡ್ಡಮ್ಮ ಹೊಸ ಕರ್ಟನ್ ತರಲು ಹೋಗಿದ್ದರು. ನಾನು ಕೋಣೆಗೆ ಹೋದಾಗ ದೊಡ್ಡಪ್ಪ ರೋಗಿಗಳ ಕುರ್ಚಿಯಲ್ಲಿ ಒರಗಿ ಕೂತಿದ್ದರು. ಮಡಿಲಲ್ಲಿ ಡ್ರಾಯರ್. ಹೆಬ್ಬೆರಳಿನಿಂದ ಒಂದೊಂದೇ ನಾಣ್ಯ ಸವರುತ್ತಾ ಬಂದು ಖಾಲಿ ಗುಳಿಯಲ್ಲಿ ಬೆರಳು ನಿಲ್ಲಿಸಿದರು.

"ನಿನ್ನೆಯಿಂದ ನಿನ್ನ ಕೋಣೆ ಕಡೆಯಿಂದ ಮೊಟ್ಟೆ ವಾಸನೆ" ಎಂದರು, ಕಿಟಕಿ ನೋಡುತ್ತಾ.

ನಾನು ಕೋಣೆಯ ಬಾಗಿಲು ಮುಚ್ಚಿದೆ.

"ಎಷ್ಟು ದಿನ ಆಯ್ತು ಇಟ್ಟು?"

"ಮೂರು."

"ಹಳದಿ ಮಾತ್ರನೋ, ಪೂರ್ತಿ ಮೊಟ್ಟೆನೋ?"

"ಪೂರ್ತಿ."

"ಅಯ್ಯೋ ದಡ್ಡೀ. ಬಿಳಿ ಭಾಗ ನೀರು ಬಿಡುತ್ತೆ, ಕಲೆ ಕಲೆ ಆಗುತ್ತೆ. ನಾನು ಹಳದಿ ಮಾತ್ರ ಹಾಕಿದ್ದೆ."

ಡಬ್ಬಿ ತಂದು ಕೈಗೆ ಕೊಟ್ಟೆ, ಅಳುತ್ತಾ ಎಲ್ಲವನ್ನೂ ಹೇಳಿದೆ: ಪೇಸ್ಟ್, ಬ್ರಷ್, ಗೆರೆ, ತೂಕ. ಅವರು ನಾಣ್ಯದ ಅಂಚನ್ನು ಉಗುರಿನಿಂದ ಸುತ್ತ ಸವರಿದರು.

"ಅವಳು ತಂದು ಅಂಗೈಗೆ ಇಟ್ಟ ತಕ್ಷಣ ಗೊತ್ತಾಯ್ತು. ಹೊಸ ಚಮಚ ಹೊಳೆದ ಹಾಗೆ ಹೊಳೀತಿತ್ತು. ಆ ವಾರ ನಾಣ್ಯದ ಗೆಳೆಯರೆಲ್ಲ ಮನೆಗೆ ಬರೋರಿದ್ರು. ನೋಡಿದ್ರೆ ನಗ್ತಿದ್ರು. ನನ್ನ ನೋಡಿ ನಕ್ಕಿದ್ರೆ ನುಂಗಿಕೊಳ್ತಿದ್ದೆ. ಅವಳನ್ನ ನೋಡಿ ನಗ್ತಾರಲ್ಲ... ಅದಕ್ಕೇ ಮೊಟ್ಟೆ. ಕಪ್ಪು ಮಾಡಿ, ಯಾರ ಕೈಗೂ ಕೊಡದೆ, ದೂರದಿಂದ ತೋರಿಸ್ದೆ. ಮೂವತ್ತೆಂಟು ವರ್ಷ ದೂರದಿಂದಲೇ ತೋರಿಸಿದ್ದೀನಿ."

"ತೂಕ ಯಾಕೆ ಬರೀಲಿಲ್ಲ?"

"ಸುಳ್ಳು ತೂಕ ಬರೆಯೋಕೆ ಕೈ ಬರ್ಲಿಲ್ಲ. ನಿಜ ತೂಕ ಬರೆದ್ರೆ ಅವಳು ಒಂದಲ್ಲ ಒಂದಿನ ಓದ್ತಾಳೆ. ಹಾಗೇ ಬಿಟ್ಟೆ."

"ಪಟ್ಟಿಯಿಂದ ತೆಗೆದುಬಿಡೋಣ ದೊಡ್ಡಪ್ಪ."

"ಮೇಡಂ ಬಂದ್ರೆ ಇವಳು ಮೊದಲು ತಂದಿಡೋದೇ ಅದನ್ನ. ನಾಲ್ಕು ದಿನದಿಂದ ರಿಹರ್ಸಲ್ ಮಾಡ್ತಿದ್ದಾಳೆ, ಕೇಳಿಸ್ತಿಲ್ವಾ? ಮೇಡಂ ಕೈಗೆ ಸಿಕ್ಕಿದ್ರೆ ಒಂದು ನಿಮಿಷ ಸಾಕು. ಇದು ನಕಲಿ ಅಂದ್ರೆ ಮಿಕ್ಕಿದ್ದರ ಮೇಲೂ ಅನುಮಾನ. ಅವರಿಗೆ ಗೊತ್ತಾಗೋ ಮುಂಚೆ ನಾನೇ ಹೇಳ್ಬೇಕು." ಡ್ರಾಯರ್ ಮುಚ್ಚಿದರು. "ಕುದುರೆಗೆ ಕಾಲು ಬರೀಲಿಲ್ಲ ಅಂತ ನಿನ್ನೆದುರಿಗೆ ದೊಡ್ಡಸ್ತಿಕೆ ಕೊಚ್ಚಿಕೊಂಡೆ ನೋಡು. ಈ ಒಂದಕ್ಕೆ ಬಣ್ಣ ಹಚ್ಚಿದ್ದೀನಿ. ನಾಳೆ ಅವಳಿಗೆ ಹೇಳ್ತೀನಿ."

ಬೈಯಲೇ ಇಲ್ಲ ನನ್ನನ್ನು. ಒಂದು ಸಲವೂ.

ಸೆಪ್ಟೆಂಬರ್ 15, ಸೋಮವಾರ

ಹೇಳಲಿಲ್ಲ.

ಬೆಳಿಗ್ಗೆ: "ಏ ಇವಳೇ." "ಏನ್ರೀ?" "ಕರ್ಟನ್ ಚೆನ್ನಾಗಿದೆ." ಮಧ್ಯಾಹ್ನ: "ಇಲ್ಲಿ ಕೂತ್ಕೋ ಸ್ವಲ್ಪ." ದೊಡ್ಡಮ್ಮ ಕೂತರು. "ಮೇಡಂಗೆ ಟೀ ಕೊಡ್ತೀಯೋ ಕಾಫಿನೋ?" ಸಂಜೆ ಮತ್ತೊಮ್ಮೆ ಕರೆದರು. ದೊಡ್ಡಮ್ಮ, "ಏನಾಗಿದೆ ನಿಮಗೆ ಇವತ್ತು? ಮದುವೆಗೆ ಮುಂಚೆ ಹೆಣ್ಣು ನೋಡೋಕೆ ಬಂದಾಗ ಹೀಗೇ ತೊದಲಿದ್ರಿ" ಎಂದು ನಕ್ಕು ಎದ್ದು ಹೋದರು.

ಉಪ್ಪು ಎಂದದ್ದು ನಾನೊಬ್ಬಳೇ ಅಲ್ಲ ಈ ಮನೆಯಲ್ಲಿ.

ಪಟ್ಟಿ ಮುಗಿದಿದೆ, ಗೂಬೆ ಬಿಟ್ಟು ನೂರ ಹನ್ನೊಂದರವರೆಗೆ. ಗೂಬೆಯನ್ನು ಅದರ ಗುಳಿಯಲ್ಲಿ ವಾಪಸ್ ಇಟ್ಟಿದ್ದೇವೆ. ಅರ್ಧ ಕಪ್ಪು, ಅರ್ಧ ನೇರಳೆ, ನಡುನಡುವೆ ಹೊಳಪು.

ಸೆಪ್ಟೆಂಬರ್ 16, ಮಂಗಳವಾರ, ಬೆಳಿಗ್ಗೆ

ಹತ್ತಕ್ಕೆ ಬರುತ್ತಾರೆ. ಈಗ ಎಂಟೂಕಾಲು. ದೊಡ್ಡಪ್ಪ ಎರಡು ಸಲ ಶೇವ್ ಮಾಡಿಕೊಂಡಿದ್ದಾರೆ.

ಅದೇ ದಿನ, ನಾಲ್ಕು ಗಂಟೆ

ಮುಗಿಯಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಮ್ಯೂಸಿಯಂ ಮೇಡಂ ಸಣ್ಣ ಮೈಕಟ್ಟಿನವರು, ಬಿಳಿ ಹತ್ತಿ ಗ್ಲೌಸ್, ಮಾತು ಕಡಿಮೆ. ತಮ್ಮದೇ ತಕ್ಕಡಿ ತಂದಿದ್ದರು. ಅದನ್ನು ಮೇಜಿನ ಮೇಲೆ ಇಟ್ಟಾಗ ದೊಡ್ಡಪ್ಪ ನನ್ನ ಕಡೆ, ಅಂದರೆ ಗೋಡೆಯ ಕಡೆ, ಮುಖ ತಿರುಗಿಸಿದರು.

ಮೊದಲು ಪಾತ್ರೆಗಳು. ಒಂದೊಂದಕ್ಕೂ ಐದೈದು ನಿಮಿಷ. ಕುದುರೆಯ ಹೂಜಿಯ ಮುಂದೆ ತುಂಬಾ ಹೊತ್ತು ನಿಂತರು.

"ಡಾಕ್ಟ್ರೇ, ಪ್ಲಾಸ್ಟರ್ ಪ್ಲಾಸ್ಟರ್ ಆಗಿಯೇ ಕಾಣೋ ಹಾಗೆ ಬಿಟ್ಟಿದ್ದೀರ. ಇಷ್ಟು ಪ್ರಾಮಾಣಿಕವಾಗಿ ರಿಪೇರಿ ಮಾಡೋರನ್ನ ನಾನು ನೋಡಿದ್ದು ಕಡಿಮೆ."

ದೊಡ್ಡಪ್ಪನ ಕಿವಿ ಕೆಂಪಾಯಿತು. ಇಲ್ಲ ಇಲ್ಲ ಎಂದರು. ವಿನಯ ಎಂದುಕೊಂಡರೇನೋ ಮೇಡಂ.

ಆಮೇಲೆ ನಾಣ್ಯ. ಅವರು ಡ್ರಾಯರಿಗೆ ಕೈ ಹಾಕುವ ಮೊದಲೇ ದೊಡ್ಡಮ್ಮ ಮುಂದೆ ಬಂದು, "ಮೇಡಂ, ಮೊದಲು ನನ್ನ ಗೂಬೆ ನೋಡ್ಬೇಕು ನೀವು. ಮೂರು ಶನಿವಾರ..." ಎನ್ನುತ್ತಾ ಗುಳಿಯಿಂದ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಇದೇನಿದು? ರೀ, ಏನಾಗಿದೆ ಇದಕ್ಕೆ?"

ದೊಡ್ಡಪ್ಪ ಕುರ್ಚಿಯ ತೋಳು ಹಿಡಿದು ಎದ್ದರು. "ಮೇಡಂ, ಆ ಗೂಬೆ ವಿಷಯ ಒಂದು ಮಾತು ನಾನು ಹೇಳ್ಬೇಕು. ಇವಳೇ, ನೀನೂ ಕೇಳು. ಅದು..."

ದೊಡ್ಡಮ್ಮನ ಮುಖ ನೋಡಿದೆ. ಏನೂ ಗೊತ್ತಿಲ್ಲದೆ, ಚೀಲ ಹಿಡಿದು ಗೇಟಿನ ಹೊರಗೆ ಕೂತವರ ಮುಖ.

"ನಾನು ತೊಳೆದೆ" ಎಂದೆ.

ಎಷ್ಟು ಜೋರಾಗಿ ಬಂತೆಂದರೆ ಮೇಡಂ ಬೆಚ್ಚಿದರು.

"ಟೂತ್‌ಪೇಸ್ಟ್ ಹಾಕಿ ತೊಳೆದೆ. ಆಮೇಲೆ ತಪ್ಪು ಅಂತ ಗೊತ್ತಾಯ್ತು, ಮುಚ್ಚಿಡೋಕೆ ಮೊಟ್ಟೆ ಜೊತೆ ಇಟ್ಟು ಕಪ್ಪು ಮಾಡೋಕೆ ನೋಡಿದೆ. ಹೀಗಾಯ್ತು. ಅದನ್ನ ಪಟ್ಟಿಗೆ ಸೇರಿಸಿಲ್ಲ ಮೇಡಂ."

"ಯಾರನ್ನ ಕೇಳಿ ತೊಳೆದೆ?" ಎಂದರು ದೊಡ್ಡಮ್ಮ. "ಫ್ರಿಜ್ ತೆಗೆಯೋಕೆ ಪರ್ಮಿಷನ್ ಕೇಳೋಳು, ಇದಕ್ಕೆ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ಮೂವತ್ತೆಂಟು ವರ್ಷ ಜೋಪಾನವಾಗಿ ಇಟ್ಟಿದ್ದನ್ನ, ಬಂದು ಹದಿನೈದು ದಿನದಲ್ಲಿ ತಿಕ್ಕಿ ಹಾಕಿಬಿಟ್ಯಲ್ಲೇ!"

"ಅವಳ ಮೇಲೆ ಗೂಬೆ ಕೂರಿಸ್ಬೇಡ ಕಣೇ" ಎಂದರು ದೊಡ್ಡಪ್ಪ. "ತಪ್ಪು ಅವಳದ್ದಲ್ಲ, ತಪ್ಪು..."

"ನನ್ನದೇ ದೊಡ್ಡಪ್ಪ."

"ನೀವು ಸುಮ್ಮನಿರಿ" ಎಂದರು ದೊಡ್ಡಮ್ಮ. "ತಲೆ ಮೇಲೆ ಕೂರಿಸಿಕೊಂಡಿದ್ದಕ್ಕೇ ಹೀಗಾಗಿದ್ದು."

ಮೇಡಂ ಕೈ ಚಾಚಿದರು. ದೊಡ್ಡಮ್ಮ ನಾಣ್ಯ ಕೊಟ್ಟರು. ಮೇಡಂ ಗೂಬೆ ನೋಡಿದರು, ದೇವಿಯನ್ನು ನೋಡಿದರು, ಆಮೇಲೆ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ತಕ್ಕಡಿ ಒಂದು ಗೇಣು ದೂರದಲ್ಲಿತ್ತು. ಅವರು ದೊಡ್ಡಪ್ಪನನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ನನ್ನನ್ನು ತುಂಬಾ ಹೊತ್ತು ನೋಡಿದರು.

"ತೊಳೆದ ನಾಣ್ಯ ನಾವು ತಗೊಳ್ಳೋದಿಲ್ಲ" ಎಂದರು. "ಇದು ಮನೆಯಲ್ಲೇ ಇರಲಿ ಅಮ್ಮ." ತಕ್ಕಡಿಗೆ ಇಡದೆ, ಎರಡೂ ಕೈಯಿಂದ ದೊಡ್ಡಮ್ಮನ ಕೈಗೆ ವಾಪಸ್ ಕೊಟ್ಟರು.

ಉಳಿದದ್ದಕ್ಕೆ ಮೂರು ಗಂಟೆ ಹಿಡಿಯಿತು. ಎಲ್ಲ ತೂಗಿದರು, ಚೀಟಿಯ ಜೊತೆ ತಾಳೆ ನೋಡಿದರು. ನೂರ ಹನ್ನೊಂದು ನಾಣ್ಯ, ಹನ್ನೊಂದು ಪಾತ್ರೆ. ಸಹಿ ಹಾಕಿದರು. ಪೂರ್ತಿ ತೆಗೆದುಕೊಳ್ಳುತ್ತಾರೆ, ಒಂದೇ ಕಡೆ ಇಡುತ್ತಾರೆ.

ದೊಡ್ಡಪ್ಪ ಹೂಜಿಯ ಬಾಯಿ ಸವರಿ, "ಮುಗೀತು, ಬಾಯಿ ಮುಕ್ಕಳಿಸು" ಎಂದರು. ಯಾರೂ ನಗಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ದೊಡ್ಡಮ್ಮ ನನ್ನೊಡನೆ ಮಾತಾಡುತ್ತಿಲ್ಲ. ತಟ್ಟೆ ಮಾತ್ರ ಸದ್ದು ಮಾಡಿ ಇಡುತ್ತಾಳೆ.

ತಿಂಡಿಯ ಹೊತ್ತಿಗೆ ದೊಡ್ಡಪ್ಪ ತಮ್ಮ ತಟ್ಟೆಯ ಬೇಯಿಸಿದ ಮೊಟ್ಟೆಯನ್ನು ನನ್ನ ತಟ್ಟೆಗೆ ದಾಟಿಸಿದರು. ನನಗೆ 'ಕಿಸಕ್' ಎಂದು ನಗು ಬಂತು. ಅವರೂ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. "ತಪ್ಪು ಮಾಡಿದವಳಿಗೆ ನಗು ಬೇರೆ" ಎಂದಳು ದೊಡ್ಡಮ್ಮ, ಗೋಡೆಗೆ.

ಸೆಪ್ಟೆಂಬರ್ 19, ಶುಕ್ರವಾರ

ಫೀಲ್ಡ್ ವರ್ಕ್ ಶೀಟ್ ಬಂತು. ಪಟ್ಟಿ: ಉತ್ತಮ. ವಸ್ತು ನಿರ್ವಹಣೆ: ಅನುತ್ತೀರ್ಣ. ಮುಂದಿನ ಟರ್ಮ್ ಮೂವತ್ತು ಗಂಟೆ ಮತ್ತೆ ಮಾಡಬೇಕು, ಮ್ಯೂಸಿಯಂನಲ್ಲೇ, ಆ ಮೇಡಂ ಕೈಕೆಳಗೆ. ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಹಿಂದಿನ ಬೆಂಚಿನಿಂದ ಯಾರೋ ನನ್ನ ಮೇಜಿನ ಮೇಲೆ ಟೂತ್‌ಪೇಸ್ಟ್ ಟ್ಯೂಬ್ ಇಟ್ಟಿದ್ದರು. ಮನೆಗೆ ತಂದೆ, ನನ್ನದು ಮುಗಿದಿತ್ತು.

ಪಕ್ಕದ ಮಂಚದವಳ ನಂಬರ್ ಹುಡುಕಿ ಮೆಸೇಜ್ ಹಾಕಿದೆ. ಥರ್ಮಾಮೀಟರ್ ಒಡೆದದ್ದು ನಾನು ಎಂದು. ನೋಡಿದ್ದಾಳೆ. ಉತ್ತರವಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಕಾಲೇಜಿನಿಂದ ಬಂದವಳೇ ಹಸಿವಾಗಿ ಫ್ರಿಜ್ ತೆಗೆದು ನಿಂತೇ ಬ್ರೆಡ್ ತಿನ್ನುತ್ತಿದ್ದೆ. ಹಿಂದಿನಿಂದ ದೊಡ್ಡಮ್ಮ ಬಂದಳು. ಐದು ದಿನದ ಮೇಲೆ ಮೊದಲ ಮಾತು.

"ಬಾಗಿಲು ಮುಚ್ಚಿ ತಿನ್ನು, ತಣ್ಣಗಾಗಿರೋದೆಲ್ಲ ಬಿಸಿಯಾಗುತ್ತೆ." ಸೆರಗಿನ ಗಂಟು ಬಿಚ್ಚಿ ನನ್ನ ಕೈಯಲ್ಲಿ ಏನೋ ಇಟ್ಟಳು. ಗೂಬೆ. "ತಗೋ. ಹಾಳು ಮಾಡಿದೋಳೇ ಇಟ್ಕೋ."

"ನನಗೆ ಯಾಕೆ ದೊಡ್ಡಮ್ಮ? ನಿನ್ನದು ಅದು."

"ಅವರಿಗಂತೂ ಇನ್ನು ಕಾಣಿಸಲ್ಲ. ಡ್ರಾಯರ್ ಎಲ್ಲ ಖಾಲಿ, ಒಂದನ್ನೇ ಇಟ್ಕೊಂಡು ನಾನೇನು ಮಾಡ್ಲಿ?" ಫ್ರಿಜ್ ಬಾಗಿಲು ತಾನೇ ಮುಚ್ಚಿದಳು. "ತೊಳೆದ್ರೂ ಅಸಲು ಅಸಲೇ, ಅಲ್ವಾ?"

"ಹೌದು. ಮೂರು ಶನಿವಾರ ಅಂದ್ರೆ ಸುಮ್ನೆನಾ?"

"ಮತ್ತೆ!" ಎಂದಳು. "ಇನ್ನೊಂದು ಸಲ ತಿಕ್ಕಿದ್ರೆ ಕೈ ಮುರೀತೀನಿ."

ದೊಡ್ಡಪ್ಪನ ಹಳೆಯ ಚೀಟಿಗಳ ಕಟ್ಟಿನಿಂದ ಒಂದು ಹೊಸ ಚೀಟಿ ತೆಗೆದುಕೊಂಡೆ. ಯಾರಿಂದ: ದೊಡ್ಡಮ್ಮ ಕೊಟ್ಟಿದ್ದು. ದಿನ: ಇವತ್ತಿನದು. ಸ್ಥಿತಿ: ತೊಳೆದದ್ದು, ನನ್ನಿಂದ.

ತೂಕದ ಎದುರಿಗೆ ಏನೂ ಬರೆಯದೆ ಪೆನ್ನಿನ ಕ್ಯಾಪ್ ಮುಚ್ಚಿದೆ.